ಜೋಫ್ಕಾಳ ಕೇಳದ ಕಿವಿ

ದ್ರಾಹೋಮೀರಾ ಮುದುಕಿಯ ಗೊಂಬೆಗೆ ಎಡಗಿವಿ ಕೇಳುತ್ತಿರಲಿಲ್ಲ. ಮೊರಾವಿಯಾದ ಆ ಬೆಟ್ಟದ ಸೀಮೆಯ ಎಂಟು ಶಾಲೆಯ ಮಕ್ಕಳಿಗೂ ಇದು ಗೊತ್ತು. ಮರದ ತಲೆಯ ಕೈಗೊಂಬೆ, ಹೆಸರು ಜೋಫ್ಕಾ. ಆಟದಲ್ಲಿ ಎಡಗಡೆಯಿಂದ ಎಷ್ಟು ಕೂಗಿದರೂ ಅವಳು ತಿರುಗುತ್ತಿರಲಿಲ್ಲ. "ಮುಂದೆ ಬಂದು ಮಾತಾಡ್ರೋ, ಗೋಡೆ ಜೊತೆ ಹರಟೆ ಹೊಡೀತೀರೇನು?" ಅಂತ ಗದರುತ್ತಿದ್ದಳು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ಕಿವಿ ಕೇಳದವರ ಜೊತೆ ಹೇಗೆ ಮಾತಾಡಬೇಕು ಅಂತ ನಗುತ್ತಲೇ ಕಲಿಯುತ್ತಿದ್ದವು.

ದ್ರಾಹೋಮೀರಾ ಅಂಗಿ ಗುಂಡಿ ಮಾಡುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವಳು. ಅದು ಮುಚ್ಚಿದ ಮೇಲೆ ಸತ್ತ ಗಂಡನ ಉಳಿ ಹಿಡಿದು ಜೋಫ್ಕಾಳನ್ನು ಕೆತ್ತಿದಳು. ಯಾಕೆ ಅಂತ ಕೇಳಿದವರಿಗೆ ಹೇಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅವಳಿಗೊಬ್ಬ ತಮ್ಮನಿದ್ದ, ಯಿಂದ್ರಾ. ಕಿವಿ ಕೇಳದು, ಮಾತು ಬಾರದು. ನೆಂಟರು ಬಂದರೆ ಮನೆಯವರು ಅವನನ್ನು ಉಗ್ರಾಣಕ್ಕೆ ತಳ್ಳಿ ಅಗುಳಿ ಹಾಕುತ್ತಿದ್ದರು. ಯಾರಾದರೂ ಕೇಳಿದರೆ "ಅಜ್ಜಿ ಮನೆಗೆ ಹೋಗಿದಾನೆ" ಅನ್ನುವ ಕೆಲಸ ಏಳು ವರ್ಷದ ದ್ರಾಹೋಮೀರಾಳದು. ಚೆನ್ನಾಗೇ ಹೇಳುತ್ತಿದ್ದಳು. ಒಂದು ಚಳಿಗಾಲ ಉಗ್ರಾಣದ ಥಂಡಿ ಅವನ ಎದೆಗಿಳಿಯಿತು. ಹದಿನೈದು ದಿನದಲ್ಲಿ ಹೋಗಿಬಿಟ್ಟ.

ಆಟ ಮುಗಿದ ಮೇಲೆ ಮಕ್ಕಳು ಸಾಲಾಗಿ ಬಂದು ಜೋಫ್ಕಾಳ ಬಲಗಿವಿಯಲ್ಲಿ ಗುಟ್ಟು ಹೇಳುವುದು ವಾಡಿಕೆ. ನಾಯಿಮರಿ ಬೇಕು, ಲೆಕ್ಕದ ಟೀಚರ್ ಬೇಡ, ಇಂಥವೇ. ಡಿಸೆಂಬರಿನ ಆ ಗುರುವಾರ ಸಾಲಿನ ಕೊನೆಯಲ್ಲಿ ಓತಿಲ್ಕಾ ಇದ್ದಳು, ಎರಡನೇ ಕ್ಲಾಸಿನ ಹುಡುಗಿ. ಸುತ್ತ ನೋಡಿದವಳೇ ಎಡಗಡೆಗೆ ಹೋದಳು.

"ಆ ಕಿವಿ ಕೇಳಲ್ಲ ಕಣೇ, ಈ ಕಡೆ ಬಾ" ಅಂದಳು ಜೋಫ್ಕಾ.

"ಗೊತ್ತು. ಅದಕ್ಕೇ."

ಬಾಯಿ ಆ ಮರದ ಕಿವಿಗೆ ಅಂಟಿಸಿ ಹೇಳಿದಳು: "ನನ್ನ ತಮ್ಮ ವೀತೆಕ್ ಕಿರುಚಿದ್ರೆ ಅಪ್ಪ ಅವನನ್ನ ಆಲೂಗಡ್ಡೆ ನೆಲಮಾಳಿಗೇಲಿ ಹಾಕಿ ಬೀಗ ಹಾಕ್ತಾರೆ. ಶನಿವಾರ ನಮ್ಮನೇಲಿ ಹಂದಿ ಕುಯ್ತಾರೆ. ಇಡೀ ದಿನ ಜನ. ತಮ್ಮ ಇಡೀ ದಿನ ಅಲ್ಲೇ."

ಹೇಳಿ, ಹಗುರಾಗಿ ಹೊರಟುಹೋದಳು. ಗೊಂಬೆಯೊಳಗೆ ಕೈಯಿಟ್ಟಿದ್ದ ದ್ರಾಹೋಮೀರಾಗೆ ಒಂದೊಂದು ಮಾತೂ ಕೇಳಿಸಿತ್ತು.

ಶುಕ್ರವಾರ ಬೆಳಿಗ್ಗೆಯೇ ದ್ರಾಹೋಮೀರಾ ಹೆಡ್ಮಾಸ್ತರ ಮುಂದೆ ನಿಂತಳು. ಅವರು ನಕ್ಕರು. "ಓತಿಲ್ಕಾಳ ಅಪ್ಪ ಲುಬೋರನಾ? ಊರಿಗೆ ಬೆಂಕಿ ಬಿದ್ರೆ ಮೊದಲು ಓಡೋನು ಅವನು ಕಣಮ್ಮ! ಮಗು ಏನೋ ಕಥೆ ಕಟ್ಟಿದೆ." ಆಮೇಲೆ ದನಿ ತಗ್ಗಿಸಿದರು. "ಅದೂ ಅಲ್ದೆ, ಗೊಂಬೆಗೆ ಹೇಳಿದ್ದನ್ನ ನೀವು ಊರಿಗೆ ಸಾರಿದ್ರೆ, ನಾಳೆ ಯಾವ ಮಗು ನಿಮ್ಮ ಹತ್ರ ಬಾಯಿಬಿಡುತ್ತೆ?"

ಆ ಮಾತು ಚುಚ್ಚಿತು, ಯಾಕೆಂದರೆ ನಿಜವಿತ್ತು. ಆ ಕಿವಿ ಕೇಳಲ್ಲ ಅಂತ ಮಕ್ಕಳನ್ನು ನಂಬಿಸಿದವಳು ತಾನೇ. ಮಕ್ಕಳ ರಕ್ಷಣೆಯ ಕಚೇರಿಗೆ ಫೋನು ಮಾಡಿದಳು. ಸೋಮವಾರ ಬರುತ್ತೇವೆ ಅಂದರು. ಸೋಮವಾರವಂತೆ! ಥಂಡಿ ಕ್ಯಾಲೆಂಡರ್ ನೋಡಿಕೊಂಡು ಬರುತ್ತದೇನು?

ಶನಿವಾರ ಗೊಂಬೆಯನ್ನು ಮನೆಯಲ್ಲೇ ಬಿಟ್ಟು ಹೋದಳು. ಲುಬೋರನ ಅಂಗಳದಲ್ಲಿ ಹಂದಿ ಆಗಲೇ ತಲೆಕೆಳಗಾಗಿ ನೇತಾಡುತ್ತಿತ್ತು. ಹಂಡೆಯಿಂದ ಹಬೆ ಏಳುತ್ತಿತ್ತು. ಗಂಡಸರ ಕೈಯಲ್ಲಿ ಪ್ಲಮ್ ಸಾರಾಯಿ.

"ಬಾ ಗೊಂಬೆಯಜ್ಜಿ, ಒಂದು ಗುಟುಕು ಹಾಕು!" ಲುಬೋರನ ತೋಳು ಮೊಣಕೈವರೆಗೆ ಕೆಂಪಾಗಿತ್ತು. "ಎಲ್ಲಿ ನಿನ್ನ ಕೆಪ್ಪಿ? ಅವಳಿಗೂ ರಕ್ತದ ಸಾರು ಬಡಿಸೋಣ."

ಎಲ್ಲರೂ ನಕ್ಕರು.

"ನಿನ್ನ ಮಗ ಎಲ್ಲಪ್ಪಾ?"

ಲುಬೋರ ಬಾಯಿ ತೆರೆಯುವ ಮೊದಲೇ ಹಂಡೆಯ ಪಕ್ಕ ನಿಂತಿದ್ದ ಓತಿಲ್ಕಾ ಹೇಳಿದಳು: "ಅಜ್ಜಿ ಮನೆಗೆ ಹೋಗಿದಾನೆ."

ಚೆನ್ನಾಗೇ ಹೇಳಿದಳು.

ದ್ರಾಹೋಮೀರಾ ನೇರ ಹೋಗಿ ನೆಲಮಾಳಿಗೆಯ ಬಾಗಿಲ ಮುಂದೆ ನಿಂತಳು. ಹಳೇ ಬಾಗಿಲಿಗೆ ಹೊಸ ಬೀಗ. ಒಳಗಿನಿಂದ ಸದ್ದೇ ಇಲ್ಲ.

"ತೆಗಿ."

ನಗು ನಿಂತಿತು. ಚಾಕು ಹಿಡಿದೇ ಲುಬೋರ ಹತ್ತಿರ ಬಂದ. "ಯಾರು ಹೇಳಿದ್ದು ನಿನಗೆ?" ಕೇಳಿದ್ದು ಮುದುಕಿಯನ್ನು, ಅವನ ಕಣ್ಣು ಹೋದದ್ದು ಮಗಳ ಮೇಲೆ.

"ನನ್ನ ತಮ್ಮ ಹೇಳಿದ. ಯಿಂದ್ರಾ."

ಯಿಂದ್ರಾ ಸತ್ತು ಐವತ್ತು ವರ್ಷದ ಮೇಲಾಗಿತ್ತು. ಹಂದಿ ಕುಯ್ಯಲು ಬಂದಿದ್ದ ಮುದುಕ ಮೆತೋದ್ ಅದೇ ಬೀದಿಯಲ್ಲಿ ಬೆಳೆದವನು. ಆ ಉಗ್ರಾಣದ ವಿಷಯ ಆಗಲೂ ಎಲ್ಲರಿಗೂ ಗೊತ್ತಿತ್ತು. ಅವನು ತಲೆ ತಗ್ಗಿಸಿದ. ಆಮೇಲೆ ಕೊಡಲಿ ಎತ್ತಿಕೊಂಡು ಬಂದು ಒಂದೇ ಏಟಿಗೆ ಬೀಗದ ಕೊಂಡಿ ಹಾರಿಸಿದ.

ವೀತೆಕ್ ಗೋಣಿಚೀಲ ಹೊದ್ದು ಆಲೂಗಡ್ಡೆ ರಾಶಿಯ ಮೇಲೆ ಕೂತಿದ್ದ. ತುಟಿ ನೀಲಿ. ಬೆಳಕು ಬಿದ್ದೊಡನೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಮೆತೋದ್ ಪೊಲೀಸರಿಗೆ ಫೋನು ಮಾಡಿದ. ಪೇಟೆಯಿಂದ ಬರಲು ಅರ್ಧ ಗಂಟೆ. ದ್ರಾಹೋಮೀರಾ ಹುಡುಗನನ್ನು ಕೋಟಿನೊಳಗೆ ಎಳೆದುಕೊಂಡು ಮೆಟ್ಟಿಲ ಮೇಲೆ ಕೂತಳು. ಲುಬೋರ ಬಕೆಟ್ಟಿನ ನೀರಲ್ಲಿ ಚಾಕು ತೊಳೆಯುತ್ತಿದ್ದ. ತೊಳೆದದ್ದನ್ನೇ ತೊಳೆಯುತ್ತ ಮಗಳನ್ನೇ ನೋಡುತ್ತಿದ್ದ.

ಓತಿಲ್ಕಾ ಮೆಲ್ಲಗೆ ಬಂದು ಮುದುಕಿಯ ಪಕ್ಕ ಕೂತಳು. ಪಿಸುಗುಟ್ಟಿದಳು: "ಜೋಫ್ಕಾಗೆ ಕೇಳಿಸ್ತಾ ಅಜ್ಜಿ?"

"ಇಲ್ಲ ಕಣೇ. ಕೇಳಿಸಿದ್ದು ನನಗೆ. ತಪ್ಪು ನಂದು."

ಹುಡುಗಿ ಅಪ್ಪನ ಕಡೆ ಒಮ್ಮೆ ನೋಡಿದಳು.

"ಹಾಗಾದ್ರೆ ಅವಳನ್ನ ಕರ್ಕೊಂಡು ಬಾ. ಇನ್ನೂ ಇದೆ ಹೇಳೋದು."

ಲುಬೋರನ ಬಕೆಟ್ಟಿನಲ್ಲಿ ನೀರಿನ ಸದ್ದು ನಿಂತಿತು.