ಫರ್ಗಸ್‌ನಲ್ಲಿ ಹಸಿರು ಬಳೆ

ಪಿಕರಿಂಗ್‌ನಿಂದ ಫರ್ಗಸ್‌ಗೆ ನೂರಿಪ್ಪತ್ತು ಕಿಲೋಮೀಟರಿನ ಮೇಲೆ. ಟೋಲ್ ರೋಡಲ್ಲಿ ಹೋಗೋಣ ಅಂದರೆ ನನ್ನ ಗಂಡ ಮಧು, "ಶನಿವಾರ ಬೆಳಿಗ್ಗೆ ಯಾರಿರ್ತಾರೆ, 401 ಹೈವೇನೇ ಸಾಕು" ಅಂದ. ಎಲ್ಲರೂ ಇದ್ದರು. ಅಕ್ಟೋಬರಿನ ತುಂತುರು ಮಳೆ, ವೈಪರಿನ ಕಿರಕಿರಿ, ಎರಡೂವರೆ ಗಂಟೆ ಹಿಡಿಯಿತು.

"ಸ್ಕಾಟ್ಲೆಂಡಿನವರು ಕಟ್ಟಿದ ಹಳೇ ಊರು ಕಣೇ. ಮನೇಲೇ ಕೂತ್ರೆ ತಲೆ ಕೆಡುತ್ತೆ" ಅಂತ ವಾರವಿಡೀ ನನ್ನ ಜೀವ ತಿಂದಿದ್ದ. ತಲೆ ಆಗಲೇ ಕೆಟ್ಟಿದೆ ಮಹರಾಯ, ಕಲ್ಲಿನ ಕಟ್ಟಡ ನೋಡಿದರೆ ಸರಿಹೋಗುತ್ತಾ ಅಂದೆ. ಅವನ ಕಾಟ ತಡೆಯಲಾರದೆ ಹೊರಟೆ.

ಆಗಸ್ಟಿನಲ್ಲಿ ನಮ್ಮ ಮಗು ಹೊಟ್ಟೆಯಲ್ಲೇ ಹೋಯಿತು. ಅದಕ್ಕೆ ಸ್ವಲ್ಪ ಮುಂಚೆಯಷ್ಟೇ, ಐದು ತಿಂಗಳು ತುಂಬಿತೆಂದು, ಇಲ್ಲಿನ ಕನ್ನಡದ ಹೆಂಗಸರು ನಮ್ಮ ಬೇಸ್‌ಮೆಂಟಿನಲ್ಲಿ ಕೂರಿಸಿ ಎರಡೂ ಕೈಗೆ ಹಸಿರು ಗಾಜಿನ ಬಳೆ ತೊಡಿಸಿದ್ದರು. ಮೈಸೂರಿನಿಂದ ಅಮ್ಮ ವಿಡಿಯೋ ಕಾಲಿನಲ್ಲಿ, "ಹೆರಿಗೆ ಆಗೋವರೆಗೂ ತೆಗೀಬೇಡ, ಆಮೇಲೆ ನರ್ಸಿಗೆ ಕೊಟ್ಬಿಡು" ಅಂದಿದ್ದಳು. ಮಗುವೇ ಇಲ್ಲದ ಮೇಲೆ ಏನು ಮಾಡಬೇಕು? ಕೇಳಿದೆ. "ಪುರೋಹಿತರನ್ನ ಕೇಳಿ ಹೇಳ್ತೀನಿ ಪುಟ್ಟಾ" ಅಂದವಳು ಇವತ್ತಿನವರೆಗೂ ಹೇಳಿಲ್ಲ. ಬಳೆ ನನ್ನ ಕೈಯಲ್ಲೇ ಇವೆ. ಮಧು ಅದರ ಮಾತೂ ಎತ್ತಿಲ್ಲ, ಮಗುವಿನ ಮಾತೂ ಎತ್ತಿಲ್ಲ. ಬಾಯಿಬಿಟ್ಟರೆ ಆಫೀಸು, ಲಾನು, ಸ್ನೋ ಟೈರು. ಇವನು ಮರೆತೇಬಿಟ್ಟ ಅಂತ ನನಗೆ ಒಳಗೊಳಗೇ ಸಿಟ್ಟು ಕುದಿಯುತ್ತಿತ್ತು.

ಊರೇನೋ ಚೆಂದವೇ. ಬೂದು ಸುಣ್ಣಕಲ್ಲಿನ ಅಂಗಡಿ ಸಾಲು, ಕೆಳಗೆ ಗ್ರ್ಯಾಂಡ್ ನದಿ. ಒಂದು ಅಂಗಡಿಯ ಗಾಜಿನ ಹಿಂದೆ ಗಂಡಸರು ಉಡುವ ಚೌಕುಳಿ ಲಂಗ ತೂಗುಹಾಕಿದ್ದರು. "ನಂಗೊಂದು ತಗೊಳ್ಳಲಾ?" ಅಂದ ಮಧು. "ನಿನ್ನ ಕಾಲು ನೋಡಿ ಊರು ಖಾಲಿಯಾಗುತ್ತೆ" ಅಂದೆ. ಆಗಸ್ಟ್ ಆದಮೇಲೆ ನಾನಾಡಿದ ಮೊದಲ ತಮಾಷೆ ಅದು. ಕಾರಿನಲ್ಲೇ ಕೂತು ಚಿತ್ರಾನ್ನ ತಿಂದೆವು.

ಹಳೇ ಚರ್ಚಿನ ಹಿಂದೆ ಸಮಾಧಿಗಳಿದ್ದವು. ಪಾಚಿ ಹಿಡಿದ ಒಂದು ಪುಟ್ಟ ಕಲ್ಲಿನ ಮೇಲೆ ಹೆಸರೇ ಇರಲಿಲ್ಲ, ಇಂಥವರ ಕೂಸು ಅಂತಷ್ಟೇ ಕೆತ್ತಿತ್ತು. ಅವರಾದರೂ ಒಂದು ಕಲ್ಲು ನಿಲ್ಲಿಸಿದ್ದಾರಲ್ಲ ಅನ್ನಿಸಿತು. ನಮ್ಮ ಮಗುವಿಗೆ ಅದೂ ಇಲ್ಲ. ಮಧು ಗೇಟಿನಲ್ಲೇ ಫೋನು ನೋಡುತ್ತಾ ನಿಂತಿದ್ದ.

ಚಳಿಗೆ ಬೆರಳು ಮರಗಟ್ಟಿ ಕಾಫಿ ಅಂಗಡಿಗೆ ನುಗ್ಗಿದೆವು. ಎರಡು ಕಾಫಿ, ಒಂದು ಸ್ಕೋನ್, ಹದಿನಾಲ್ಕು ಡಾಲರ್. ಕಾರ್ಡ್ ಟ್ಯಾಪ್ ಮಾಡಲು ಕೈ ಚಾಚಿದೆ. ಜಾಕೆಟ್ಟಿನ ತೋಳು ಸರಿದು ಬಳೆ ಘಲ್ ಅಂದವು. ಕೌಂಟರಿನ ಹುಡುಗಿ ಕಣ್ಣರಳಿಸಿದಳು.

"ಅಕ್ಕಾರ, ಕನ್ನಡದವರೇನ್ರಿ? ನಂದು ಧಾರವಾಡ ರೀ, ಇಲ್ಲೇ ಗ್ವೆಲ್ಫ್‌ನಾಗ ಕಾಲೇಜು. ಅಯ್ಯ, ಕುಬುಸ ಮಾಡ್ಯಾರಲ್ರಿ! ಎಷ್ಟು ತಿಂಗಳ್ರಿ ಈಗ?"

ಸೀಮಂತಕ್ಕೆ ಅವರ ಕಡೆ ಕುಬುಸ ಅನ್ನುತ್ತಾರೆ. ಇಡೀ ಊರಲ್ಲಿ ಈ ಬಳೆ ಏನೆಂದು ಗೊತ್ತಿರುವವಳು ಇವಳೊಬ್ಬಳು, ಇವಳೇ ಸಿಗಬೇಕೇ! ಜಾಕೆಟ್ಟಿನ ತೋಳು ಕೆಳಗೆಳೆದು ಬಳೆ ಮುಚ್ಚಿಕೊಂಡೆ.

"ಏಳು" ಅಂದ ಮಧು, ನನ್ನ ಹಿಂದಿನಿಂದ.

ಸರಿಯಾಗೇ ಹೇಳಿದ. ಇದ್ದಿದ್ದರೆ ಏಳೇ.

ಹುಡುಗಿ ದುಡ್ಡು ತಗೊಳ್ಳದೆ ಒಂದು ಬೆಣ್ಣೆ ಬಿಸ್ಕತ್ತು ಕಟ್ಟಿಕೊಟ್ಟಳು. "ಬಸುರಿ ಬಯಕಿ ರೀ, ಬ್ಯಾಡ ಅನಬಾರದು. ಮುಂದಿನ ಸಲ ಕೂಸಿನ್ನ ಕರ್ಕೊಂಡು ಬರ್ರಿ, ನಾ ಇಲ್ಲೇ ಇರ್ತೀನಿ."

"ಬರ್ತೀವಮ್ಮ" ಅಂದೆ. ಬೇರೇನು ಅನ್ನಲಿ?

ಕಾರಿನಲ್ಲಿ ಕೂತ ಮೇಲೆ ಕೇಳಿದೆ, "ನೀನೂ ಎಣಿಸ್ತಾ ಇದ್ಯಾ?"

"ಹೂಂ" ಅಂದವನು ಸ್ಟೀರಿಂಗಿಗೆ ಹಣೆ ಒತ್ತಿಕೊಂಡು ಅತ್ತ. ನಾನೂ ಅತ್ತೆ. ಅತ್ತರೆ ಹಗುರಾಗುತ್ತೆ ಅನ್ನೋದೆಲ್ಲ ಸುಳ್ಳು, ನಮಗಂತೂ ಆಗಲಿಲ್ಲ.

ವಾಪಸು ಬರುವಾಗ ಅವನೇ ಟೋಲ್ ರೋಡಿಗೆ ತಿರುಗಿಸಿದ. ಬಿಸ್ಕತ್ತಿನ ಪೊಟ್ಟಣ ನನ್ನ ಮಡಿಲಲ್ಲಿತ್ತು, ಇಬ್ಬರೂ ಬಿಚ್ಚಲಿಲ್ಲ. ಪಿಕರಿಂಗ್ ಹತ್ತಿರವಾದಾಗ ನಾನಂದೆ, "ಇನ್ನು ಆ ಊರಿಗೆ ಹೋಗೋ ಹಾಗಿಲ್ಲ, ಅಲ್ವಾ?"

"ಬೇಡ" ಅಂದ ಮಧು. "ನಾವು ಹೋಗದಿದ್ರೆ, ಆ ಹುಡುಗಿ ಪಾಲಿಗಾದ್ರೂ ಡಿಸೆಂಬರಲ್ಲಿ ಮಗು ಹುಟ್ಟುತ್ತೆ."