ಬಿಟ್ಟುಕೊಟ್ಟ ಮೊದಲ ಆಟ
ಕೋಲ್ಕತ್ತದ ಸದರ್ನ್ ಅವೆನ್ಯೂದಲ್ಲಿ, ಮಿತಾ ಎಂಬವರ ಮನೆ ಮಹಡಿಯಲ್ಲಿ ಬೋರ್ಡ್ ಗೇಮ್ ಆಡುವವರ ಗುಂಪು. ಮೊದಲ ಸಲ ಹೋದ, ಗುರುತಿಲ್ಲದ ನನಗೆ ಚಹಾ, ಖಾರದ ಮಂಡಕ್ಕಿ ಝಾಲ್‌ಮುರಿ ಕೊಟ್ಟು ಕೂರಿಸಿದರು. ಇಷ್ಟು ಉಪಚಾರ ಯಾಕಪ್ಪಾ ಅಂತ ಅನುಮಾನ. ಆಟದ ನಿಯಮ ಪೂರ್ತಿ ತಿಳಿಯುವ ಮೊದಲೇ ಗೆದ್ದುಬಿಟ್ಟೆ! ಕಾರ್ಡ್‌ಗಳನ್ನು ಎತ್ತಿಡುವಾಗ ನೋಡಿದರೆ, ಗೆಲ್ಲುವ ಕಾರ್ಡ್ ಮಿತಾ ಅವರ ಕೈಯಲ್ಲೇ ಉಳಿದಿತ್ತು.

“ದೀದಿ, ಬೇಕಂತಲೇ ಸೋತಿರಾ?”

“ಹೊಸಬರಿಗೆ ಮೊದಲ ಆಟ ಬಿಟ್ಟುಕೊಡ್ತೀವಿ ದಾದಾ. ಇಲ್ಲಾಂದ್ರೆ ಅವರು ಮತ್ತೆ ಈ ಕಡೆ ತಲೆ ಹಾಕಲ್ಲ!”

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ಯಾರೂ ನನಗೆ ಒಂದು ಅಂಕವನ್ನೂ ಬಿಟ್ಟುಕೊಟ್ಟಿರಲಿಲ್ಲ.

“ನನಗೆ ಬಿಡಬೇಡಿ, ಸರಿಯಾಗಿ ಆಡಿ,” ಎಂದೆ.

ಎರಡನೇ ಆಟದಲ್ಲಿ ಚೆನ್ನಾಗಿ ಸೋತೆ. ಸಮಾಧಾನವಾಯಿತು. ಮೂರನೆಯದರಲ್ಲಿ ಗೆದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ನಗಲಿಲ್ಲ, ಕೈ ಚಾಚಿದೆ.

“ಮೊದಲು ನಿಮ್ಮ ಕಾರ್ಡ್ ತೋರಿಸಿ ದೀದಿ.”