ಲೇತಿನ ಮುಂದೆ ಒಬ್ಬನೇ ಯಜಮಾನ

ತರಬೇತಿ ಶಾಲೆಯಲ್ಲಿ ಮಕ್ಕಳು ಲೇತು ಮೇಷ್ಟ್ರಿಗೆ ಇಟ್ಟ ಹೆಸರು ಅರ. ಕಬ್ಬಿಣ ಉಜ್ಜುವ ಅರ. ಎದುರಿಗೆ ಸಿಕ್ಕಿದ್ದನ್ನು ಸವೆಸುವುದೇ ಅದರ ಕೆಲಸ, ಮೇಷ್ಟ್ರದ್ದೂ ಅದೇ. ಇಪ್ಪತ್ತಾರು ವರ್ಷದಿಂದ, ಕಬ್ಬಿಣದ ಸರಳು ತಿರುಗಿಸಿ ಕಡೆಯುವ ಲೇತು ಮಷೀನಿನ ಕೆಲಸ ಕಲಿಸುತ್ತಿದ್ದರು. ಅಷ್ಟು ವರ್ಷದಲ್ಲಿ ಬಾಯ್ತಪ್ಪಿಯೂ ಯಾರಿಗೂ ‘ಭೇಷ್’ ಅಂದವರಲ್ಲ. “ನಿಮ್ಮ ಬಾಯಿಗೆ ಹೆದರಿ ಮನೇಲಿ ಹಾಲೂ ಉಕ್ಕಲ್ಲ” ಎಂದು ಹೆಂಡತಿ ಚುಚ್ಚಿದರೆ, ಅದನ್ನೂ ಹೊಗಳಿಕೆ ಎಂದೇ ತಿಳಿದು ಊಟ ಮಾಡಿ ಏಳುತ್ತಿದ್ದರು.

ಅವರನ್ನು ತಿದ್ದಿದ ಗುರುವೂ ಅಂಥವನೇ. ತಪ್ಪು ಮಾಡಿದರೆ ಉಕ್ಕಿನ ಅಳತೆಪಟ್ಟಿಯಿಂದ ಗೆಣ್ಣಿಗೆ ಬಾರಿಸುತ್ತಿದ್ದ. ಹೆದರಿದವನ ಬೆರಳು ಉಳಿಯುತ್ತದೆ ಎನ್ನುವುದು ಅವನಿಂದ ಮೇಷ್ಟ್ರಿಗೆ ಬಂದ ವೇದವಾಕ್ಯ. ಅವರ ಶೆಡ್ಡಿನಲ್ಲಿ ಇವತ್ತಿನವರೆಗೆ ಒಬ್ಬ ವಿದ್ಯಾರ್ಥಿಯ ಒಂದು ಬೆರಳೂ ಹೋಗಿರಲಿಲ್ಲ. ಆ ಜಂಬ ಅವರಿಗೆ ಸಲ್ಲಬೇಕಾದದ್ದೇ, ಇಲ್ಲ ಅನ್ನುವ ಹಾಗಿಲ್ಲ. ಮೊದಲ ದಿನವೇ ಕಟ್ಟಪ್ಪಣೆ ಹೊರಡಿಸುತ್ತಿದ್ದರು: “ನಾನು ಮಾತಾಡುವಾಗ ಬಾಯಿ ಬಿಟ್ಟವರು ಹೊರಗೆ. ಇನ್ನೊಬ್ಬರ ಮಷೀನ್ ಮುಟ್ಟಿದವರೂ ಹೊರಗೆ.”

ಎರಡನೆಯದನ್ನು ಮುರಿದವಳು ದರ್ಜಿಯ ಮಗಳು. ಪಕ್ಕದ ಲೇತಿನ ಹುಡುಗ ತೋಳಿನ ಗುಂಡಿ ಹಾಕಿಕೊಂಡಿರಲಿಲ್ಲ. ಜೋತ ತೋಳು ತಿರುಗುವ ಸರಳಿನ ಹತ್ತಿರ ಹೋಗುವುದನ್ನು ಕಂಡು, ಕೈ ಚಾಚಿ ಅವನ ಮಷೀನ್ ನಿಲ್ಲಿಸಿಬಿಟ್ಟಳು. ಹುಡುಗನ ಕೈ ಉಳಿಯಿತು, ಆದರೆ ಕಡೆಯುವ ಉಳಿ ಕಚ್ಚಿ ಸರಳು ಹಾಳಾಯಿತು. ಮೇಷ್ಟ್ರ ಕಣ್ಣಿಗೆ ಬಿದ್ದದ್ದು ಸರಳು ಮಾತ್ರ. “ಅವನ ತೋಳಿಗೆ ಅವನೇ ಜವಾಬ್ದಾರ. ನಿನಗ್ಯಾಕೆ ಊರ ಉಸಾಬರಿ?” ಎಂದು ಅವಳ ಕೈಗೆ ಪೊರಕೆ ಕೊಟ್ಟರು. ಅಂದಿನಿಂದ ಅವಳ ಕೆಲಸ ಕಬ್ಬಿಣದ ಚೂರು ಗುಡಿಸುವುದು. ಪರೀಕ್ಷೆಗೆ ಕೂರಬೇಕಾದರೆ ಫಾರಂಗೆ ಮೇಷ್ಟ್ರ ಸಹಿ ಬೇಕು, ಶನಿವಾರ ಸಂಜೆ ಕೊನೆಯ ಗಡುವು. ಇನ್ನೊಂದು ವರ್ಷ ಓದಿಸುವುದಿಲ್ಲ ಎಂದು ಅವಳ ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದ. ಸಹಿ ಹಾಕುವುದಿಲ್ಲ ಎಂದು ಮೇಷ್ಟ್ರೂ ಅಷ್ಟೇ ಖಂಡಿತವಾಗಿ ಹೇಳಿದ್ದರು.

ಆ ಶನಿವಾರವೇ ಪ್ರಿನ್ಸಿಪಾಲರು ಶೆಡ್ಡಿಗೆ ಒಬ್ಬನನ್ನು ಕರೆತಂದರು. ಮಕ್ಕಳಿಗೆ ನಾಯಕತ್ವ ಕಲಿಸುವವನಂತೆ. ಇಪ್ಪತ್ತನಾಲ್ಕು ಮಕ್ಕಳಿಗೆ ಕೇಳಿಸಲು ಕಾಲರಿಗೆ ಮೈಕು ಸಿಕ್ಕಿಸಿಕೊಂಡಿದ್ದ. ಎರಡು ಗಂಟೆ ಮಷೀನು ನಿಲ್ಲಿಸಬೇಕು ಎಂದಾಗಲೇ ಮೇಷ್ಟ್ರ ಮುಖ ಗಂಟಿಕ್ಕಿತು. ಕಂಬಕ್ಕೆ ಒರಗಿ ಕೈಕಟ್ಟಿ ನಿಂತರು.

“ಮುಂದೆ ನಿಂತು ಕೂಗೋನು ನಾಯಕ ಅಲ್ಲ” ಎಂದ ಮೈಕಿನವ. “ಯಾರೂ ಹೇಳದೆ, ಆಗಬೇಕಾದ ಸಣ್ಣ ಕೆಲಸ ಮಾಡ್ತಾನಲ್ಲ, ಅವನು ನಾಯಕ.” ಮಾತೇನೂ ತಪ್ಪಲ್ಲ. ಆದರೆ ಸೋಪು ಮಾರುವವನ ಧಾಟಿಯಲ್ಲಿ ಹೇಳಿದರೆ ಸತ್ಯವೂ ಸುಳ್ಳಿನ ಹಾಗೆ ಕೇಳಿಸುತ್ತದೆ. “ಈ ವಾರ ನೀವು ಮಾಡಿದ ಅಂಥ ಒಂದು ಕೆಲಸ ಹೇಳಿ, ನೋಡೋಣ.”

ಮಕ್ಕಳು ಅವನನ್ನು ಬಿಟ್ಟು ಮೇಷ್ಟ್ರ ಮುಖ ನೋಡಿದರು. ಒಬ್ಬ, ಸೋರುವ ನಲ್ಲಿ ನಿಲ್ಲಿಸಿದೆ ಎಂದು ಗೊಣಗಿದ. ಆಮೇಲೆ ಗೋಡೆಯ ಬಳಿಯಿಂದ ಪೊರಕೆ ಹಿಡಿದವಳ ದನಿ ಬಂತು.

“ಪಕ್ಕದವನ ಮಷೀನ್ ನಿಲ್ಲಿಸಿದೆ. ಅವನ ತೋಳು ಸಿಕ್ಕೊಳ್ತಿತ್ತು.”

“ಅದ್ಭುತ! ಚಪ್ಪಾಳೆ!” ಎಂದ ಮೈಕಿನವ. ಒಂದು ಕೈಯೂ ತಟ್ಟಲಿಲ್ಲ.

ಮೇಷ್ಟ್ರ ಪಿತ್ತ ನೆತ್ತಿಗೇರಿತು. “ಚಪ್ಪಾಳೆ ಬೇರೆ ಕೇಡು! ಸ್ವಾಮಿ, ನಿಮ್ಮ ಮೈಕಿಗೆ ಬೆರಳಿಲ್ಲ, ಅದಕ್ಕೇ ನಿಮಗೆ ಭಯ ಇಲ್ಲ. ಕಂಡಕಂಡವರೆಲ್ಲ ನಾಯಕರಾದ್ರೆ ಇಲ್ಲಿ ಹೆಣ ಬೀಳುತ್ತೆ. ಬನ್ನಿ ಈ ಕಡೆ, ತೋರಿಸ್ತೀನಿ. ಲೇತಿನ ಮುಂದೆ ಒಬ್ಬನೇ ಯಜಮಾನ!”

ಎಲ್ಲರನ್ನೂ ತಮ್ಮ ಲೇತಿನ ಸುತ್ತ ನಿಲ್ಲಿಸಿದರು. ಮೈಕಿನವನನ್ನು ಎದುರಿಗೇ ನಿಲ್ಲಿಸಿಕೊಂಡರು, ಚೆನ್ನಾಗಿ ನೋಡಲಿ ಎಂದು. ಲೇತಿನಲ್ಲಿ ತಿರುಗುವ ಹಿಡಿಬಾಯಿಗೆ ಸರಳು ಕೊಟ್ಟು, ಗೇಣುದ್ದದ ಕಬ್ಬಿಣದ ಕೀ ಹಾಕಿ ಬಿಗಿದರು. ಕೈ ಕೆಲಸ ಮಾಡುತ್ತಿತ್ತು, ಬಾಯಿ ಹುಡುಗಿಯ ಕಡೆಗಿತ್ತು. ಅವಳ ಸೊಕ್ಕು, ಅವಳ ಅಪ್ಪನ ಸಲಿಗೆ, ಈಗಿನ ಕಾಲದ ಮಕ್ಕಳು, ಎಲ್ಲದರ ಜನ್ಮ ಜಾಲಾಡಿದರು. ಕೊನೆಗೆ “ಈಗ ನೋಡಿ” ಎಂದು ಲಿವರ್ ಎಳೆದರು.

ಲೇತು ಕದಲಲಿಲ್ಲ.

ತಿರುಗಿ ನೋಡಿದರೆ ದರ್ಜಿಯ ಮಗಳ ಅಂಗೈ ಗೋಡೆಯ ಕೆಂಪು ಗುಂಡಿಯ ಮೇಲಿತ್ತು. ಅದನ್ನು ಒತ್ತಿದರೆ ಇಡೀ ಶೆಡ್ಡಿನ ಕರೆಂಟು ಹೋಗುತ್ತದೆ.

“ಮತ್ತೆ ನೀನೇನಾ! ನಾಯಿ ಬಾಲ ಯಾವತ್ತಿದ್ರೂ ಡೊಂಕೇ! ಫಾರಂ ಗೀರಂ ಮರೆತುಬಿಡು, ನಡಿ ಮನೆಗೆ!”

ಅವಳು ಕೈ ತೆಗೆಯಲಿಲ್ಲ. “ಮೊದ್ಲು ಲಿವರ್ ವಾಪಸ್ ಹಾಕಿ ಸಾರ್. ಆಮೇಲೆ ಎಷ್ಟು ಬೇಕಾದ್ರೂ ಬೈರಿ. ಕೀ ನೋಡಿ.”

ನೋಡಿದರು. ಬಿಗಿದ ಕೀ ಹಿಡಿಬಾಯಲ್ಲೇ ಇತ್ತು. ಕೀ ತೆಗೆಯದೆ ಲೇತು ಚಾಲೂ ಮಾಡಬಾರದು. ಮಾಡಿದರೆ ಆ ಕಬ್ಬಿಣದ ತುಂಡು ಗುಂಡಿನಂತೆ ಹಾರುತ್ತದೆ. ಮೊದಲ ದಿನದ ಮೊದಲ ಪಾಠ ಅದು. ಎದುರಿಗೆ ಮೈಕಿನವನ ಮುಖ ಇತ್ತು, ಮೊಳ ದೂರದಲ್ಲಿ. ಮೇಷ್ಟ್ರು ಲಿವರ್ ಹಿಂದಕ್ಕೆ ಹಾಕಿ ಕೀ ತೆಗೆದರು.

“ಫಾರಂ ತಾ” ಎಂದರು. ನಿಂತಲ್ಲೇ ಲೇತಿನ ಮೇಲಿಟ್ಟು ಸಹಿ ಗೀಚಿದರು.

“ನಿಮಗೋಸ್ಕರ ಒತ್ತಿದ್ದಲ್ಲ ಸಾರ್” ಎಂದಳು ಫಾರಂ ತೆಗೆದುಕೊಳ್ಳುತ್ತಾ. “ಎದುರಿಗೆ ಅವರಿದ್ರು, ಅದಕ್ಕೆ.” ಥ್ಯಾಂಕ್ಸ್ ಹೇಳಲಿಲ್ಲ. ಅವರೂ ಹೇಳಲಿಲ್ಲ.

ಮೇಷ್ಟ್ರು ಉಳಿದ ಮಕ್ಕಳ ಕಡೆ ತಿರುಗಿದರು. ತಮ್ಮ ಬೆನ್ನು ಅಡ್ಡ ಇತ್ತು, ಬೇರೆ ಯಾರಿಗೂ ಕಂಡಿರಲಾರದು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದರು. ಅದನ್ನು ಖಾತ್ರಿ ಮಾಡಿಕೊಳ್ಳಲೆಂದೇ ಕೇಳಿದರು.

“ಕೀ ಇದ್ದದ್ದು ಇನ್ಯಾರಾದ್ರೂ ನೋಡಿದ್ರಾ? ನೋಡಿದೋರು ಕೈ ಎತ್ತಿ.”

ಒಂದು ಕೈ ಎದ್ದಿತು. ಆಮೇಲೆ ಎರಡು. ಆಮೇಲೆ ಎಲ್ಲವೂ. ತೋಳು ಉಳಿಸಿಕೊಂಡ ಹುಡುಗನದ್ದೂ ಸೇರಿ ಇಪ್ಪತ್ತಮೂರು ಕೈ.

“ಮತ್ತೆ ಯಾಕ್ರೋ ಬಾಯಿ ಬಿಡಲಿಲ್ಲ?” ಎಂದರು.

ಮುಂದಿದ್ದವನು ತಲೆ ತಗ್ಗಿಸಿದ. “ನೀವು ಮಾತಾಡ್ತಾ ಇದ್ರಿ, ಸಾರ್.”

ಮೇಷ್ಟ್ರಿಗೆ ‘ಕೈ ಇಳಿಸಿ’ ಅನ್ನುವುದು ಮರೆತುಹೋಯಿತು. ಅವರು ಹೇಳಲಿಲ್ಲವಾದ್ದರಿಂದ ಒಬ್ಬರೂ ಕೈ ಇಳಿಸಲಿಲ್ಲ.